ಅಲಗೂ ಅಲಗನ್ನು ಬಡಿದ ಕೈಯೂ

ಮನೆಯ ಸಾಮಾನುಗಳಲ್ಲಿ ದಿನವೂ ಕೈಗೆ ಬರುವುದೂ, ದಿನವೂ ಅಲಕ್ಷ್ಯಕ್ಕೆ ಗುರಿಯಾಗುವುದೂ ಚೂರಿಯೇ. ಮಹಾನವಮಿಯ ಆಯುಧಪೂಜೆಯಂದು ಈಳಿಗೆಮಣೆಗೂ ಮಚ್ಚಿಗೂ ಅರಿಸಿನ ಕುಂಕುಮಗಳನ್ನಿಟ್ಟು ಕೈಮುಗಿಯುವೆವು. ಮರುದಿನದಿಂದ ಅವು ಒದ್ದೆಯಾಗಿಯೇ ಮೂಲೆ ಸೇರುವುವು. ಬಾಯಿ ಮೊಂಡಾದ ಮೇಲೆ ಹಳೆಯ ಕಬ್ಬಿಣ ಕೊಳ್ಳುವವನ ಪಾಲಾಗುವುವು. ಅವುಗಳನ್ನು ಮಾಡಿದವನಾರು, ಅವುಗಳ ಲೋಹವೆಂಥದು ಎಂಬ ವಿಚಾರವು ನಮ್ಮ ಮನಸ್ಸಿಗೆ ಬರುವುದೇ ಇಲ್ಲ. ಅತ್ತ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ, ಒಬ್ಬ ಕಸಬುದಾರನು ತನ್ನ ಕೈಯಿಂದಲೇ ಮಾಡಿದ ಚೂರಿಗೆ ಸಾವಿರಾರು ಡಾಲರುಗಳನ್ನು ತೆತ್ತು, ಅದನ್ನು ಚಿತ್ರಪಟದಂತೆ ಕಾಪಾಡುವ ಗೃಹಸ್ಥರಿದ್ದಾರೆ. ಸಿರಿವಂತರ ಚಪಲವೆಂದು ಇದನ್ನು ನಕ್ಕು ಬಿಟ್ಟುಬಿಡಬಹುದು. ಆದರೆ ಈ ಕಥೆಯ ಮೂಲವನ್ನು ಹುಡುಕುತ್ತ ಹೋದರೆ ದಾರಿಯು ನಮ್ಮ ಕನ್ನಡನಾಡಿಗೇ ಬಂದು ಮುಟ್ಟುವುದು. ಆದುದರಿಂದಲೇ ಈ ತಿಂಗಳು ಈ ವಿಷಯವನ್ನು ವಾಚಕರ ಮುಂದಿಡುತ್ತಿದ್ದೇವೆ.

ಸಂಗ್ರಹಕ್ಕೆ ಯೋಗ್ಯವಾದ ಕತ್ತಿಯನ್ನು ನೋಡಲು ಕಡಲು ದಾಟಬೇಕಾಗಿಲ್ಲ. ಕೊಡಗಿಗೆ ಹೋದರೆ ಸಾಕು. ಅಲ್ಲಿಯ ಪುರುಷರು ಮದುವೆ ಹಬ್ಬಗಳಲ್ಲಿ ಕುಪ್ಯವನ್ನು ತೊಟ್ಟು, ನಡುವಿಗೆ ಕೆಂಪು ಚೇಲೆಯನ್ನು ಸುತ್ತಿ, ಅದರಲ್ಲಿ ಪೀಚೆಕತ್ತಿಯನ್ನು ಸಿಕ್ಕಿಸಿಕೊಳ್ಳುವರು. ಅದರ ಹಿಡಿಗೂ ಒರೆಗೂ ಬೆಳ್ಳಿಯ ಕುಸುರಿ. ಹಳೆಯವುಗಳಲ್ಲಿ ದಂತದ ಹಿಡಿಯೂ ಉಂಟು. ಇನ್ನೊಂದು ಒಡಿಕತ್ತಿ. ಇದು ಅಗಲವಾದ, ತೂಕದ, ಒಳಕ್ಕೆ ಬಾಗಿದ ಅಲಗು. ಇದರ ಹರಿತವಾದ ಬಾಯಿ ಬಾಗಿನ ಒಳಮಗ್ಗುಲಲ್ಲಿರುವುದು. ಇದಕ್ಕೆ ಒರೆಯಿಲ್ಲ, ಬೆನ್ನಿನ ಕಡೆ ‘ತೋಡಂಗ್’ ಎಂಬ ಲೋಹದ ಕೊಂಡಿಯಲ್ಲಿ ಬರಿದಾಗಿಯೇ ನಿಲ್ಲುವುದು. ಮದುವೆಯಲ್ಲಿ ನೆಟ್ಟ ಬಾಳೆಯ ದಿಂಡನ್ನು ಒಂದೇ ಏಟಿಗೆ ಕಡಿಯುವುದು ಇದರಿಂದಲೇ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯೊಡನೆ ಇದಕ್ಕೂ ಪೂಜೆ ಸಲ್ಲುವುದು. ವಿದೇಶದ ಸಂಗ್ರಹಾಲಯಗಳಲ್ಲಿ ಈ ಕತ್ತಿಗಳನ್ನು ಗಾಜಿನ ಪೆಟ್ಟಿಗೆಗಳಲ್ಲಿಟ್ಟಿದ್ದಾರೆ. ಫಲಕದ ಮೇಲೆ ಊರಿನ ಹೆಸರುಂಟು, ಶತಮಾನದ ಲೆಕ್ಕವುಂಟು. ಬಡಿದವನ ಹೆಸರು ಮಾತ್ರ ಕಾಣುವುದು ಬಲು ಅಪರೂಪ.

ಇನ್ನು ಲೋಹದ ಮಾತು. ದಕ್ಷಿಣದೇಶದ ಕಮ್ಮಾರರು ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದ ಉಕ್ಕು ಒಂದು ಕಾಲಕ್ಕೆ ಪರ್ಷಿಯಾ ಅರಬ್ಬೀ ದೇಶಗಳವರೆಗೂ ಹೋಗುತ್ತಿತ್ತು. ಅದರಿಂದ ಬಡಿದ ಕತ್ತಿಗಳ ಮೈಮೇಲೆ ನೀರಿನ ಅಲೆಯಂಥ ಗೆರೆಗಳು ಮೂಡುತ್ತಿದ್ದುವು. ಯೂರೋಪಿನವರು ಅವನ್ನು ಡಮಾಸ್ಕಸ್ ಕತ್ತಿಗಳೆಂದು ಕರೆದರು. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬವನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಈ ಲೋಹದ ಮೇಲೆ ಪ್ರಬಂಧವನ್ನು ಓದಿದನು. ಅದರಲ್ಲಿ ಇದಕ್ಕಿದ್ದ ಹೆಸರು ‘ವೂಟ್ಜ್’. ನಮ್ಮ ‘ಉಕ್ಕು’ ಶಬ್ದವೇ ಪರದೇಶದವರ ನಾಲಗೆಯಲ್ಲಿ ಹೀಗೆ ತಿರುಚಿಕೊಂಡಿತೆಂಬುದು ವಿದ್ವಾಂಸರಲ್ಲಿ ಬಹುಮಂದಿಯ ಅಭಿಪ್ರಾಯ. ಮುಂದೆ ಫ್ಯಾರಡೆಯು, ಅವನೂ ಕಮ್ಮಾರನ ಮಗನೇ, ಸ್ಟೋಡಾರ್ಟ್ ಎಂಬ ಚೂರಿ ಮಾಡುವವನೊಡನೆ ಸೇರಿ ಇದೇ ಉಕ್ಕಿನ ಗುಟ್ಟನ್ನು ಬಿಡಿಸಲು ವರ್ಷಗಟ್ಟಲೆ ಶ್ರಮಿಸಿದನು.

ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸಂಚರಿಸಿದ ವೈದ್ಯ ಫ್ರಾನ್ಸಿಸ್ ಬುಕಾನನ್ನನು ಈ ಕಸಬನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಜೇಡಿಯ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿಯ ಕಡ್ಡಿ, ಒಂದೆರಡು ಹಸುರೆಲೆಗಳನ್ನಿಟ್ಟು ಬಾಯಿ ಮೆತ್ತಿ, ಇದ್ದಲಿನ ಬೆಂಕಿಯಲ್ಲಿ ತಿದಿಯೊತ್ತಿ ಕಾಯಿಸುವರು. ಕಟ್ಟಿಗೆಯ ಅಂಗಾರಸಾರವು ಕಬ್ಬಿಣವನ್ನು ಹೊಕ್ಕು ಅದು ಕರಗಿ ಉಕ್ಕಾಗುವುದು. ಚನ್ನಪಟ್ಟಣದಲ್ಲಿ ಇಂಥ ಉಕ್ಕಿನಿಂದ ವೀಣೆ ಮೊದಲಾದ ವಾದ್ಯಗಳಿಗೆ ತಂತಿಯನ್ನೆಳೆದು ದೂರದೇಶಗಳಿಗೆ ಕಳುಹುತ್ತಿದ್ದರು. ಯುದ್ಧಕ್ಕೆ ಕತ್ತಿಯೂ ಸಂಗೀತಕ್ಕೆ ತಂತಿಯೂ ಒಂದೇ ಮೂಸೆಯಿಂದ ಬಂದುವೆಂಬುದು ನಮ್ಮ ಮಕ್ಕಳಿಗೆ ಹೇಳತಕ್ಕ ಸಂಗತಿ.

ಈ ವಿದ್ಯೆಯು ಹತ್ತೊಂಬತ್ತನೆಯ ಶತಮಾನದಲ್ಲಿ ಕ್ಷೀಣಿಸಿತು. ಯಂತ್ರದ ಅಗ್ಗದ ಉಕ್ಕು ಹಡಗಿನಲ್ಲಿ ಬಂದಿಳಿಯಿತು. ಇದ್ದಲಿಗೆ ಬೇಕಾದ ಕಾಡಿನ ಮೇಲೆ ಸರ್ಕಾರದ ಕಟ್ಟುಪಾಡು ಬಿತ್ತು. ಕುಲುಮೆಗಳು ಆರಿದುವು. ಗುಟ್ಟು ತಂದೆಯ ಕೈಯಿಂದ ಮಗನ ಕೈಗೆ ಹೋಗುತ್ತಿತ್ತೇ ಹೊರತು ಓಲೆಯ ಮೇಲೆ ಏರಿರಲಿಲ್ಲ. ವರಾಹಮಿಹಿರನು ಆರನೆಯ ಶತಮಾನದ ತನ್ನ ಬೃಹತ್ಸಂಹಿತೆಯಲ್ಲಿ ಖಡ್ಗಲಕ್ಷಣಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಅಲಗಿಗೆ ಹದ ಕೊಡುವ ಕ್ರಮವನ್ನು ‘ಪಾನ’ವೆಂದು ಕರೆದು, ಅದಕ್ಕೆ ಬಳಸುವ ದ್ರವ್ಯಗಳನ್ನೂ ಎಣಿಸಿದ್ದಾನೆ. ಆದರೆ ಬೆಂಕಿಯ ಬಣ್ಣ ಯಾವಾಗ ಸರಿಯೆಂಬುದನ್ನು ಶ್ಲೋಕವು ಕಲಿಸಲಾರದು. ಅದು ಕಣ್ಣಿಗೂ ಕೈಗೂ ಸೇರಿದ ವಿದ್ಯೆ.

ಈಗ ಅಮೆರಿಕಕ್ಕೆ ಬರೋಣ. ಅಲ್ಲಿಯೂ ಕಾರ್ಖಾನೆಗಳು ಕೈಗೆಲಸವನ್ನು ಬಹುಮಟ್ಟಿಗೆ ನುಂಗಿದ್ದುವು. 1930ರ ದಶಕದಲ್ಲಿ ರ್‍ಯಾಂಡಲ್ ಎಂಬ ಗೃಹಸ್ಥರು, ಒಬ್ಬಾತನು ದೋಣಿಯ ಹಳೆಯ ಬಣ್ಣವನ್ನು ಚೂರಿಯಿಂದ ಕೆರೆಯುತ್ತಿದ್ದುದನ್ನು ಕಂಡರು. ಅಷ್ಟು ಒರಟು ಕೆಲಸಕ್ಕೂ ಅದರ ಬಾಯಿ ಕೆಟ್ಟಿರಲಿಲ್ಲ. ಅದು ಮಿಷಿಗನ್ನಿನ ವಿಲಿಯಂ ಸ್ಕ್ಯಾಗೆಲ್ ಎಂಬವರು ಕೈಯಿಂದ ಮಾಡಿದ್ದು. ಆ ಚೂರಿಯನ್ನು ಕೊಂಡ ರ್‍ಯಾಂಡಲ್ಲರು ತಾವೇ ಆ ಕಸಬನ್ನು ಹಿಡಿದರು. ಫ್ಲಾರಿಡಾದ ಆರ್ಲಾಂಡೊ ಪಟ್ಟಣದ ಅವರ ಅಂಗಡಿಯ ಚೂರಿಗಳಿಗಾಗಿ ಜನರು ವರ್ಷಗಟ್ಟಲೆ ಕಾಯುವಂತಾಯಿತು. 1973ರಲ್ಲಿ ವಿಲಿಯಂ ಮೊರಾನ್ ಎಂಬವರು ಉಕ್ಕಿನ ಪದರಗಳನ್ನು ಬೆಸೆದು ಬಡಿದ, ಮೈತುಂಬ ಗೆರೆಗಳುಳ್ಳ ಚೂರಿಗಳನ್ನು ಪ್ರದರ್ಶಿಸಿದರು. 1976ರಲ್ಲಿ ಅವರೂ ಸಂಗಡಿಗರೂ ಅಲಗು ಬಡಿಯುವವರ ಸಂಘವೊಂದನ್ನು ಸ್ಥಾಪಿಸಿದರು.

ಆ ಸಂಘದ ಪರೀಕ್ಷೆಯು ವಿಚಾರಾರ್ಹವಾದುದು. ಅಭ್ಯರ್ಥಿಯು ತಾನೇ ಬಡಿದ ಅಲಗಿನಿಂದ, ತೂಗುಬಿಟ್ಟ ಒಂದಂಗುಲ ದಪ್ಪದ ಹಗ್ಗವನ್ನು ಒಂದೇ ಏಟಿಗೆ ಕತ್ತರಿಸಬೇಕು. ಬಳಿಕ ಮರದ ತೊಲೆಯನ್ನು ಕಡಿದು ತುಂಡರಿಸಬೇಕು. ಇಷ್ಟಾದ ಮೇಲೂ ಅದೇ ಬಾಯಿ ತೋಳಿನ ಕೂದಲನ್ನು ಬೋಳಿಸಬೇಕು. ಕೊನೆಗೆ ಅಲಗನ್ನು ಹಿಡಿಕದಲ್ಲಿ ಕಚ್ಚಿಸಿ ತೊಂಬತ್ತು ಅಂಶ ಬಗ್ಗಿಸಿದಾಗ ಅದು ಮುರಿಯಕೂಡದು. ಬಾಯಿ ಗಡಸು, ಬೆನ್ನು ಮೆದು. ಈ ಎರಡನ್ನೂ ಒಂದೇ ಲೋಹದಲ್ಲಿ ಕೂಡಿಸುವುದರಲ್ಲಿಯೇ ಕಮ್ಮಾರನ ಪಾಂಡಿತ್ಯವೆಲ್ಲ ಅಡಗಿದೆ. ಇದರಲ್ಲಿ ತೇರ್ಗಡೆಯಾದವನು ಅಲಗಿನ ಮೇಲೆ ತನ್ನ ಹೆಸರನ್ನು ಒತ್ತುವನು. ಕೊಳ್ಳುವವನು ಚೂರಿಯೊಡನೆ ಆ ಹೆಸರಿನ ಮೇಲಿನ ನಂಬಿಕೆಗೂ ಹಣ ಕೊಡುವನು.

ಮೊರಾನರದು ಪದರ ಬೆಸೆದ ಉಕ್ಕು. ನಮ್ಮ ಮೂಸೆಯ ಉಕ್ಕಿನ ಒಗಟು ಹಾಗೆಯೇ ಉಳಿದಿತ್ತು. ಅದನ್ನು ಬಿಡಿಸಲು ಹೊರಟವರಲ್ಲಿ ಇಬ್ಬರು ಮುಖ್ಯರು: ಫ್ಲಾರಿಡಾದಲ್ಲಿ ಕುದುರೆಗಳಿಗೆ ಲಾಳ ಕಟ್ಟುತ್ತ ಚೂರಿ ಮಾಡುತ್ತಿದ್ದ ಆಲ್ಫ್ರೆಡ್ ಪೆಂಡ್ರೆ, ಮತ್ತು ಅಯೋವಾದ ಲೋಹಶಾಸ್ತ್ರಜ್ಞ ವೆರ್‌ಹೋವನ್. 1998ರಲ್ಲಿ ಅವರು ಪ್ರಕಟಿಸಿದ ಲೇಖನದ ಪ್ರಕಾರ, ಆ ಅಲೆಗೆರೆಗಳಿಗೆ ಕಾರಣವು ಉಕ್ಕಿನಲ್ಲಿ ಲೇಶಮಾತ್ರವಾಗಿದ್ದ ವೆನೇಡಿಯಮ್ಮಿನಂಥ ಧಾತುಗಳು. ಅಂಥ ಅದಿರು ಮುಗಿದೊಡನೆ, ಅದೇ ಕೈ ಅದೇ ಕ್ರಮದಲ್ಲಿ ಬಡಿದರೂ ಗೆರೆ ಮೂಡದಾಯಿತೆಂದು ಅವರ ಊಹೆ. ನಮ್ಮ ಊರಿನಲ್ಲಿಯೂ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ರಂಗನಾಥನ್ ಅವರೂ, ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ಅವರೂ ಈ ಉಕ್ಕಿನ ಮೇಲೆ ಗ್ರಂಥವನ್ನು ಬರೆದು 2004ರಲ್ಲಿ ಹೊರತಂದರು. ಆದರೆ ಗ್ರಂಥವು ಕುಲುಮೆಯನ್ನು ಹೊತ್ತಿಸಲಾರದು. ಅದಕ್ಕೆ ಗಿರಾಕಿ ಬೇಕು.

ಇಲ್ಲಿಯೇ ಅವರಿಗೂ ನಮಗೂ ಇರುವ ಭೇದ. ಕೈಚಳಕದಲ್ಲಿ ನಮ್ಮ ಕಮ್ಮಾರನು ಕಡಮೆಯವನೆಂದು ಹೇಳಲಾಗದು. ಅವರು ಮಾಡಿದವನ ಹೆಸರನ್ನು ಕೇಳಿದರು, ನಾವು ಕೇಳಲಿಲ್ಲ. ಅವರು ಪರೀಕ್ಷಿಸಿ ಬೆಲೆ ಕೊಟ್ಟರು, ನಾವು ತೂಗಿ ಬೆಲೆ ಕಟ್ಟಿದೆವು. ಹೆಸರಿಲ್ಲದ ಕಸಬನ್ನು ಮಗನು ಏಕೆ ಕಲಿತಾನು? ಯಂತ್ರದ ಚೂರಿಯೇ ಅಗ್ಗವಲ್ಲವೇ ಎಂದು ಕೆಲವರು ಕೇಳಬಹುದು. ಅಗ್ಗವೇನೋ ಸರಿ. ಆದರೆ ಅಗ್ಗದ ಚೂರಿಯನ್ನು ಮೇಲಿಂದ ಮೇಲೆ ಕೊಳ್ಳುವೆವು. ಒಳ್ಳೆಯ ಈಳಿಗೆಮಣೆಯು ಅತ್ತೆಯಿಂದ ಸೊಸೆಗೆ, ಸೊಸೆಯಿಂದ ಅವಳ ಸೊಸೆಗೆ ಸಲ್ಲುವುದು.

ಊರಿನ ಮನೆಯನ್ನು ಮಾರಿ ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿ ನೆಲೆಸಿರುವ ಎಷ್ಟೋ ಸಂಸಾರಗಳಲ್ಲಿ ಅಜ್ಜನ ಕಾಲದ ಅಡಕತ್ತರಿ, ಮಚ್ಚು, ಈಳಿಗೆಮಣೆಗಳು ಅಟ್ಟದ ಮೇಲಿರುವುವು. ಅವುಗಳನ್ನು ಇಳಿಸಿ ನೋಡಿರಿ. ತುಕ್ಕಿದ್ದರೆ ಎಣ್ಣೆಯಲ್ಲಿ ನೆನೆಸಿ ಬಟ್ಟೆಯಿಂದ ಮೆಲ್ಲನೆ ಒರಸಿರಿ. ಹಳೆಯ ಅಲಗನ್ನು ಮರಳುಕಾಗದದಿಂದ ತಿಕ್ಕಿದರೆ ಅದರ ಚರಿತ್ರೆಯೇ ಅಳಿಸಿಹೋಗುವುದು. ನಿಂಬೆ ಮಾವು ಹೆಚ್ಚಿದೊಡನೆ ತೊಳೆದು, ಒಣಗಿಸಿ, ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿಡಿರಿ. ಸೈಕಲ್ಲಿನ ಮೇಲೆ ಸಾಣೆಚಕ್ರವನ್ನು ಹೂಡಿಕೊಂಡು ಬರುವವನು ಬೀದಿಯಲ್ಲಿ ಕೂಗಿದರೆ ಕರೆಯಿರಿ. ಆದರೆ ಬಾಯಿ ಕಾದು ನೀಲಿಗಟ್ಟದಂತೆ ನಡುನಡುವೆ ನೀರಿನಲ್ಲಿ ಅದ್ದಲು ಹೇಳಿರಿ. ನೀಲಿಗಟ್ಟಿದ ಬಾಯಿಯ ಹದವು ಹೋಯಿತೆಂದೇ ಅರ್ಥ.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದುಂಟು. ಆ ಅಲಗು ಯಾವ ಊರಿನದು, ಯಾರು ಬಡಿದದ್ದು ಎಂಬುದನ್ನು ಬಲ್ಲ ಹಿರಿಯರು ಮನೆಯಲ್ಲಿದ್ದರೆ ಈಗಲೇ ಕೇಳಿ ಬರೆದಿಡಿರಿ. ಊರಿಗೆ ಹೋದಾಗ ಕಮ್ಮಾರನ ಕುಲುಮೆಯಿನ್ನೂ ಉರಿಯುತ್ತಿದ್ದರೆ, ಒಂದು ಚೂರಿಯನ್ನು ಹೇಳಿ ಮಾಡಿಸಿ, ಕೇಳಿದ ಬೆಲೆಯನ್ನು ಚೌಕಾಸಿಯಿಲ್ಲದೆ ಕೊಟ್ಟು, ಅದರ ಮೇಲೆ ನಿನ್ನ ಹೆಸರನ್ನು ಕೊರೆದುಕೊಡಪ್ಪಾ ಎಂದು ಕೇಳಿರಿ. ಮುಂದಿನ ಆಯುಧಪೂಜೆಯಲ್ಲಿ ಅಲಗಿಗೆ ಕುಂಕುಮವಿಡುವಾಗ ಮಕ್ಕಳು ಆ ಹೆಸರನ್ನು ಓದಲಿ.