ಟೊಪ್ಪಿಯ ಮೇಲೆ ಹೊರೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಪಿಕಪ್ ಟ್ರಕ್ಕು ರೈತನಿಗೂ ಬಡಗಿಗೂ ಪ್ರವಾಸಿಗೂ ಒದಗುವ ವಾಹನ. ಅದರ ಹಿಂಬದಿಯ ತೆರೆದ ತೊಟ್ಟಿಯನ್ನು ಮಳೆ ಹಿಮಗಳಿಂದ ಕಾಪಾಡಲು ಫೈಬರ್‌ಗ್ಲಾಸಿನ, ಎಂದರೆ ಗಾಜಿನೆಳೆಯ, ಮುಚ್ಚಳವೊಂದನ್ನು ಕೂರಿಸುವುದುಂಟು. ಅಲ್ಲಿಯ ಜನ ಅದನ್ನು ಟ್ರಕ್ಕಿನ ಟೊಪ್ಪಿಯೆಂದೇ ಕರೆಯುತ್ತಾರೆ. ಟೊಪ್ಪಿಯ ನೆತ್ತಿಯ ಮೇಲೆ ನಾಲ್ಕಾರು ರಂಧ್ರ ಕೊರೆದು, ಕ್ಯಾರಿಯರನ್ನು ಬಿಗಿದು, ಏಣಿಯನ್ನೋ ದೋಣಿಯನ್ನೋ ಹೇರಿದರೆ ಕೆಲಸ ಮುಗಿಯಿತೆಂದು ಹಲವರು ಭಾವಿಸುತ್ತಾರೆ. ಈ ಭಾವನೆ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ರಂಧ್ರ ಕೊರೆಯುವ ಮೊದಲೇ ಕೇಳಬೇಕಾದ ಪ್ರಶ್ನೆಯೊಂದಿದೆ: ಈ ಹೊರೆಯನ್ನು ಕೊನೆಗೆ ಹೊರುವವರು ಯಾರು?

ಗಾಜಿನೆಳೆಯ ವಸ್ತು ದುರ್ಬಲವೆಂದು ಇದರ ಅರ್ಥವಲ್ಲ. ಎಳೆಗಳು ಎಳೆತವನ್ನು ತಾಳುತ್ತವೆ. ರಾಳವು ಅವನ್ನು ಒಂದಾಗಿ ಬಂಧಿಸುತ್ತದೆ. 1953ರಲ್ಲಿ ಷೆವ್ರೊಲೆ ಸಂಸ್ಥೆಯು ತನ್ನ ಕಾರ್ವೆಟ್ ಕಾರಿಗೆ ಈ ವಸ್ತುವಿನ ಮೈಯನ್ನೇ ತೊಡಿಸಿತು. ಆದರೆ ಆ ಮೈಯ ಕೆಳಗೆ ಉಕ್ಕಿನ ಚೌಕಟ್ಟು ಇದ್ದಿತೆಂಬುದನ್ನು ಮರೆಯಲಾಗದು. ಮುಖ್ಯ ಭಾರವನ್ನು ಹೊತ್ತುದು ಉಕ್ಕು. ಆಕಾರವನ್ನು ಕೊಟ್ಟುದು ಗಾಜಿನೆಳೆ.

ತೆಳುವಾದ ಹಾಳೆಯ ಶತ್ರು ಭಾರಕ್ಕಿಂತಲೂ ಹೆಚ್ಚಾಗಿ ಒಂದೇ ಬಿಂದುವಿನಲ್ಲಿ ಕೂಡುವ ಭಾರ. 6 ಮಿಲಿಮೀಟರ್ ಬೋಲ್ಟಿನ ಕೆಳಗಿನ 12 ಮಿಲಿಮೀಟರ್ ವ್ಯಾಸದ ವಾಷರು ಒತ್ತುವ ಜಾಗ ಸುಮಾರು 85 ಚದರ ಮಿಲಿಮೀಟರ್. ಅದರ ಬದಲು ಬಾಗದಷ್ಟು ದಪ್ಪವಾದ, 75 ಮಿಲಿಮೀಟರ್ ಚೌಕದ ಲೋಹದ ತಗಡನ್ನಿಟ್ಟರೆ ಅದೇ ಬಲವು ಅರವತ್ತು ಪಟ್ಟಿಗೂ ಹೆಚ್ಚಿನ ಜಾಗಕ್ಕೆ ಹರಡುತ್ತದೆ. ಉಕ್ಕಿನ ತಗಡು ಸೋಲುವ ಮುನ್ನ ಬಾಗಿ ಎಚ್ಚರಿಸುತ್ತದೆ. ಗಾಜಿನೆಳೆಯ ಹಾಳೆಯಾದರೋ ಹಾಗೆ ಬಾಗಿ ನಿಲ್ಲುವುದಿಲ್ಲ, ಬಿರಿಯುತ್ತದೆ. ರಂಧ್ರದ ಅಂಚನ್ನು ಮುಚ್ಚದಿದ್ದರೆ ನೀರು ಒಳಸೇರಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿ, ಆ ಬಿರುಕನ್ನು ಬೆಳೆಸುತ್ತದೆ.

"ನಿಂತ ವಾಹನದ ಮೇಲೆ ಹೇರಿ ನೋಡಿದೆವು, ಏನೂ ಆಗಲಿಲ್ಲ" ಎಂಬ ವಾದವುಂಟು. ನಿಂತಾಗಿನ ಭಾರವೇ ಬೇರೆ, ಓಡುವಾಗಿನದೇ ಬೇರೆ. ಪ್ರತಿಯೊಂದು ಹಳ್ಳವೂ ಹೊರೆಯನ್ನು ಮೇಲೆತ್ತಿ ಕೆಳಗೆ ಕುಕ್ಕುತ್ತದೆ. ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಗುಣವಾದುದರಿಂದ, ಗಂಟೆಗೆ 35 ಮೈಲಿಯ ವೇಗವು 70ಕ್ಕೆ ಏರಿದಾಗ ತಡೆ ನಾಲ್ಕು ಪಟ್ಟಾಗುತ್ತದೆ. ಆಗ ಕಿತ್ತುಹೋದ ದೋಣಿ ಬೀಳುವುದು ಒಡೆಯನ ಮೇಲಲ್ಲ, ಹಿಂದೆ ಬರುತ್ತಿರುವ ನಿರಪರಾಧಿಯ ಮೇಲೆ.

ಆದುದರಿಂದ ಭಾರದ ಹೊರೆ ಸಾಗಿಸುವವರು ಟೊಪ್ಪಿಯ ಒಳಗೆ ಲೋಹದ ಚೌಕಟ್ಟನ್ನು ನಿಲ್ಲಿಸಿ, ಅದರ ಕಾಲುಗಳನ್ನು ತೊಟ್ಟಿಯ ಗೋಡೆಗಳಿಗೆ ಭದ್ರಪಡಿಸುವುದು ಉಚಿತ. ಹಗುರವಾದ ಹೊರೆಗೆ ಅಗಲವಾದ ತಗಡುಗಳೂ ನೀರು ತಡೆಯುವ ಅಂಟೂ ಸಾಕಾಗಬಹುದು. ಆಗಲೂ ತಯಾರಕರು ವಿಧಿಸಿದ ಮಿತಿಯನ್ನು ಮೀರಕೂಡದು. ಹೊರೆಯೇ ಸಲ್ಲದೆಂದು ಅವರು ಹೇಳಿದ್ದರೆ ಹೇರಲೇ ಬಾರದು.

ಸೇತುವೆಗಾಗಲಿ ಮನೆಯ ಛಾವಣಿಗಾಗಲಿ ನಿಯಮ ಇದೇ. ಭಾರವು ನೆಲ ಮುಟ್ಟುವ ದಾರಿಯನ್ನು ಮೊದಲು ಗುರುತಿಸಬೇಕು. ಬೈರಿಗೆಯನ್ನು ಕೈಗೆತ್ತಿಕೊಳ್ಳುವುದು ಆಮೇಲೆ.