ಬಂಡೆಯ ಮೇಲಿನ ದಾಸೋಹ

ಸದ್ಭಕ್ತರೇ, ನಂದಿಬೆಟ್ಟದ ಬರಿಯ ಬಂಡೆಯ ಮೇಲೆ ಮೊದಲು ನೆಲೆಯೂರುವುದು ಕಲ್ಲುಹೂವು. ಅದು ಬಂಡೆಯನ್ನು ಇಷ್ಟಿಷ್ಟೇ ಸವೆಸಿ, ತಾನೂ ಸತ್ತು ಹಿಡಿ ಮಣ್ಣಾಗುತ್ತದೆ. ಆ ಮಣ್ಣಿನಲ್ಲಿ ಹಾವಸೆ, ಆಮೇಲೆ ಹುಲ್ಲು. ಹುಲ್ಲು ಹಿಡಿದ ತೇವದಲ್ಲಿ ಪೊದೆ, ಪೊದೆಯ ನೆರಳಿನಲ್ಲಿ ಮರ. ಹಕ್ಕಿ ಬೀಜ ತರುತ್ತದೆ, ಗೆದ್ದಲು ತರಗೆಲೆಯನ್ನು ಗೊಬ್ಬರ ಮಾಡುತ್ತದೆ. ನೂರಾರು ವರ್ಷಗಳ ಕಾಯಕವಿದು. ಪಡೆದದ್ದನ್ನೆಲ್ಲ ಮುಂದಿನವರಿಗೆ ಬಿಟ್ಟುಹೋಗುವ ಈ ಪರಿಗೆ ದಾಸೋಹವೆಂಬ ಹೆಸರಲ್ಲದೆ ಬೇರಾವ ಹೆಸರು ಒಪ್ಪೀತು?

ಹಿರಿಯರ ಕೆರೆಗಳೂ ಹಾಗೆಯೇ. ಉತ್ತರ ಪಿನಾಕಿನಿ, ಚಿತ್ರಾವತಿ ನಮ್ಮ ಬೆಟ್ಟಗಳಲ್ಲೇ ಹುಟ್ಟಿದರೂ ವರ್ಷವಿಡೀ ಹರಿಯುವವಲ್ಲ. ಅದಕ್ಕೇ ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಸಾಲುಕೆರೆ ಕಟ್ಟಿದರು, ಗುಂಡುತೋಪು ಬೆಳೆಸಿದರು. ಬೇಸಿಗೆಯಲ್ಲಿ ಗೋಡು ಹೊಲಕ್ಕೆ ಹೋಗುತ್ತಿತ್ತು; ಇಂಗಿದ ನೀರು ಬಾವಿಗೆ ಬರುತ್ತಿತ್ತು.

ನಾವೇನು ಮಾಡಿದೆವು? ರಾಜಕಾಲುವೆ ಒತ್ತಿದೆವು, ತೋಪು ಕಡಿದೆವು, ನೀಲಗಿರಿ ನೆಟ್ಟೆವು, 1000 ಅಡಿ ಮೀರಿ ಕೊಳವೆಬಾವಿ ಕೊರೆದೆವು. ಫ್ಲೋರೈಡ್ ನೀರು ಕುಡಿದು ಮಕ್ಕಳ ಹಲ್ಲು ಕಲೆಗಟ್ಟಿತು. ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು, ಅಷ್ಟರಲ್ಲಿ ತಡವಾಗಿತ್ತು. ಬಳಿಕ ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ಬಂತು. ಬಂದದ್ದು ಸಂತೋಷವೇ. ಆದರೆ ಅದು ಎರಡೇ ಹಂತದ ಶುದ್ಧಿಯಿಂದ ಬಂದ ನೀರು. ಮೂರನೆಯ ಹಂತವೂ ಆಗಲೆಂದು ರೈತರು ಕೇಳಿದ್ದು ನ್ಯಾಯವೆಂದೇ ನಮ್ಮ ಅಭಿಪ್ರಾಯ. ಜೊಂಡು, ಮೀನು, ಕಪ್ಪೆ, ಕೊಕ್ಕರೆ ಕೂಡದಿದ್ದರೆ ಅದು ತೊಟ್ಟಿಯೇ ಹೊರತು ಕೆರೆಯಲ್ಲ.

ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯ ಹಿರಿಯರು ಮುಂಗಾರಿಗೆ ಮುಂಚೆ ತಮ್ಮೂರ ಕಾಲುವೆಯುದ್ದಕ್ಕೂ ಒಮ್ಮೆ ನಡೆದು ನೋಡಲಿ. ಹೊಂಗೆ, ಹುಣಸೆ, ನೇರಳೆ ಸಸಿ ನೆಡುವ ದಿನ ನಮ್ಮನ್ನೂ ಕರೆಯಿರಿ, ಬರುತ್ತೇವೆ.