ಮನೆಯಲ್ಲೇ ಚಾಕೊಲೇಟ್ ಟ್ರಫಲ್



ಹುಟ್ಟುಹಬ್ಬ ಬಂತೆಂದರೆ ಮಕ್ಕಳಿಗೆ ಈಗ ಕೊಬ್ಬರಿ ಮಿಠಾಯಿ, ರವೆ ಉಂಡೆ ಸಾಲದು. ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ ಕೂತಿರುವ ಟ್ರಫಲ್ಲೇ ಬೇಕು. ನಾಲ್ಕು ಉಂಡೆಯ ಡಬ್ಬಿಗೆ ಅವರು ಹೇಳುವ ಬೆಲೆ ಕೇಳಿ ಎಷ್ಟೋ ತಾಯಂದಿರು ಮಗುವಿನ ಕೈ ಹಿಡಿದು ಸುಮ್ಮನೆ ಹೊರಟುಬಿಡುತ್ತಾರೆ. ಹಾಗೆ ಬೇಸರಪಡಬೇಕಾಗಿಲ್ಲ. ಇದಕ್ಕೆ ಅವನ್ ಬೇಡ, ಮೊಟ್ಟೆ ಬೇಡ, ಎಳೆಪಾಕ ನೋಡುವ ಫಜೀತಿಯೂ ಇಲ್ಲ. ಉಂಡೆ ಕಟ್ಟಲು ಬರುವ ಕೈಗೆ ಇದೂ ಬರುತ್ತದೆ. ಆದರೆ ಸಾಮಾನು ತುಟ್ಟಿ. ಕೆಟ್ಟರೆ ಮನೆಖರ್ಚಿನ ದುಡ್ಡಿಗೇ ಪೆಟ್ಟು. ಆದ್ದರಿಂದ ಮೊದಲು ಪೂರ್ತಿ ಓದಿಕೊಂಡು ಆಮೇಲೆ ಒಲೆ ಹಚ್ಚಿ.

ಟ್ರಫಲ್ ಎಂದರೆ ಫ್ರಾನ್ಸ್ ಮುಂತಾದ ಕಡೆ ನೆಲದೊಳಗೆ ಬೆಳೆಯುವ ಒಂದು ಬಗೆಯ ಅಣಬೆ. ಕೋಕೋ ಪುಡಿಯಲ್ಲಿ ಹೊರಳಿಸಿದ ಉಂಡೆ ಮಣ್ಣು ಮೆತ್ತಿದ ಆ ಅಣಬೆಯ ಹಾಗೆ ಕಾಣುವುದರಿಂದ ಅದೇ ಹೆಸರು ಬಂತು. ಹೆಸರು ಪರದೇಶದ್ದಾದರೂ ಕೋಕೋ ನಮಗೆ ಪರಕೀಯವಲ್ಲ. ದಕ್ಷಿಣ ಕನ್ನಡದ ಅಡಿಕೆ ತೋಟಗಳ ನಡುವೆ ಬೆಳೆಯುತ್ತಾರೆ. ಬೆಳೆಗಾರರದೇ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೋ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು.

ಬೇಕಾಗುವ ಸಾಮಾನು (ಸುಮಾರು 20 ಉಂಡೆಗೆ):
ಡಾರ್ಕ್ ಚಾಕೊಲೇಟ್ – 200 ಗ್ರಾಂ
ಫ್ರೆಶ್ ಕ್ರೀಮ್ – 100 ಮಿ.ಲೀ.
ಬೆಣ್ಣೆ – 1 ಚಮಚ
ಏಲಕ್ಕಿ ಪುಡಿ – 2 ಚಿಟಿಕೆ
ಉಪ್ಪು – 1 ಚಿಟಿಕೆ
ಹೊರಳಿಸಲು ಕೋಕೋ ಪುಡಿ – 3 ಚಮಚ

ಚಾಕೊಲೇಟ್ ಕೊಳ್ಳುವಾಗ ಹೊದಿಕೆಯ ಮೇಲಿನ ಸಣ್ಣಕ್ಷರ ಓದಿ. ಕೋಕೋ ಬೆಣ್ಣೆ ಎಂದಿದ್ದರೆ ಅದು ನಿಜವಾದ ಚಾಕೊಲೇಟ್. ಅದರ ಬದಲು ವನಸ್ಪತಿ ಕೊಬ್ಬು ಎಂದಿದ್ದರೆ ಅದು ಕಾಂಪೌಂಡ್. ಕಾಂಪೌಂಡ್ ಅಗ್ಗ, ಉಂಡೆಯೂ ಆಗುತ್ತದೆ, ಆದರೆ ನಾಲಿಗೆಗೆ ಜಿಡ್ಡು ಅಂಟುತ್ತದೆ. ಕೋಕೋ ಬೆಣ್ಣೆ ನಮ್ಮ ಮೈ ಬಿಸಿಗಿಂತ ಸ್ವಲ್ಪ ಕಡಿಮೆ ಶಾಖದಲ್ಲೇ ಕರಗುವುದರಿಂದ ಬಾಯಲ್ಲಿಟ್ಟ ಕೂಡಲೇ ನೀರಾಗುತ್ತದೆ. ಕೆನೆಯ ವಿಷಯದಲ್ಲೂ ಜಿಪುಣತನ ಬೇಡ. ನಾಲ್ಕು ದಿನ ಕೂಡಿಟ್ಟ ಮನೆಯ ಕೆನೆ ಹುಳಿಯಾಗಿರುತ್ತದೆ, ಗಂಟೂ ಇರುತ್ತದೆ. ಅದನ್ನು ಬೆಣ್ಣೆ ತೆಗೆಯಲು ಇಟ್ಟುಕೊಳ್ಳಿ.

ಮಾಡುವ ವಿಧಾನ: ಒಣಗಿದ ಮಣೆಯ ಮೇಲೆ ಚಾಕೊಲೇಟನ್ನು ಸಣ್ಣಗೆ ಹೆಚ್ಚಿ ಒಣ ಪಾತ್ರೆಗೆ ಹಾಕಿ. ಕ್ರೀಮನ್ನು ಸಣ್ಣ ಉರಿಯಲ್ಲಿಟ್ಟು, ಅಂಚಿನಲ್ಲಿ ಗುಳ್ಳೆ ಏಳುತ್ತಲೇ ಇಳಿಸಿ. ಉಕ್ಕಿಸಬೇಡಿ. ಅದನ್ನು ಚಾಕೊಲೇಟಿನ ಮೇಲೆ ಸುರಿದು, ಕೈಯಾಡಿಸದೆ 2 ನಿಮಿಷ ಮುಚ್ಚಿಡಿ. ಆಮೇಲೆ ನಡುವಿನಿಂದ ಶುರುಮಾಡಿ ನಿಧಾನವಾಗಿ ಕಲಕುತ್ತ ಬನ್ನಿ. ಹೊಳಪು ಬಂದಾಗ ಬೆಣ್ಣೆ, ಏಲಕ್ಕಿ, ಉಪ್ಪು ಸೇರಿಸಿ. ಆರಿದ ಮೇಲೆ ಮುಚ್ಚಿ 3 ಗಂಟೆ ಫ್ರಿಜ್ಜಿನಲ್ಲಿಡಿ.

ಕೈಯನ್ನು ತಣ್ಣೀರಲ್ಲಿ ತೊಳೆದು ಚೆನ್ನಾಗಿ ಒರೆಸಿಕೊಂಡು, ಸಣ್ಣ ಜಾಮೂನಿನ ಗಾತ್ರಕ್ಕೆ ಬೇಗಬೇಗ ಉಂಡೆ ಮಾಡಿ ಕೋಕೋ ಪುಡಿಯಲ್ಲಿ ಹೊರಳಿಸಿ. ಕೋಕೋದ ಕಹಿ ಮಕ್ಕಳಿಗೆ ಹಿಡಿಸದಿದ್ದರೆ ಒಣಕೊಬ್ಬರಿ ತುರಿ ಅಥವಾ ಹುರಿದ ಗೋಡಂಬಿಯ ತರಿ ಆಗಬಹುದು. ಕಾಫಿ ಪ್ರಿಯರ ಮನೆಯಲ್ಲಿ ಬಿಸಿ ಕ್ರೀಮಿಗೇ ಅರ್ಧ ಚಮಚ ಇನ್‌ಸ್ಟಂಟ್ ಕಾಫಿ ಪುಡಿ ಬೆರೆಸಿ. ಆಗ ಏಲಕ್ಕಿ ಬೇಡ.

ಕೈಕೊಟ್ಟರೆ ಏನು ಮಾಡಬೇಕು?
ಕಲಕುವಾಗ ಎಣ್ಣೆ ಬಿಟ್ಟುಕೊಂಡರೆ ಚೆಲ್ಲಬೇಡಿ. ಒಂದು ಚಮಚ ಬೆಚ್ಚನೆ ಹಾಲು ಹಾಕಿ ಮೆಲ್ಲಗೆ ಕಲಕಿದರೆ ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. ಫ್ರಿಜ್ಜಿನಲ್ಲಿಟ್ಟರೂ ಗಟ್ಟಿಯಾಗದಿದ್ದರೆ ಇನ್ನು 50 ಗ್ರಾಂ ಚಾಕೊಲೇಟ್ ಕರಗಿಸಿ ಬೆರೆಸಿ. ಅದಕ್ಕೂ ಬಗ್ಗದಿದ್ದರೆ ಬಿಸಿ ಹಾಲಿಗೆ ಎರಡು ಚಮಚ ಹಾಕಿ ಕೊಡಿ, ಮಕ್ಕಳು ಲೋಟ ನೆಕ್ಕುತ್ತಾರೆ!

ಮರೆಯಬೇಡಿ: ಇದರಲ್ಲಿ ಹಾಲಿನ ಕೆನೆ ಇದೆ. ಮುಚ್ಚಳದ ಡಬ್ಬಿಯಲ್ಲಿ, ಫ್ರಿಜ್ಜಿನಲ್ಲಿ ಇಟ್ಟು ಒಂದು ವಾರದೊಳಗೆ ಮುಗಿಸಿ. ದಿನಗಟ್ಟಲೆ ಕರೆಂಟು ಹೋಗುವ ಊರಾದರೆ ಬೇಕಾದಷ್ಟೇ ಮಾಡಿ ಅಂದೇ ಹಂಚಿಬಿಡಿ. ಬಿರುಬೇಸಿಗೆಯಲ್ಲಿ ಬಸ್ಸಿನಲ್ಲಿ ನೆಂಟರ ಮನೆಗೆ ಒಯ್ಯುವ ತಿಂಡಿ ಇದಲ್ಲ, ಅದಕ್ಕೆ ನಮ್ಮ ರವೆ ಉಂಡೆಯೇ ಸೈ. ಗೋಡಂಬಿ ಹಾಕಿದ್ದರೆ ಅಕ್ಕಪಕ್ಕದ ಮಕ್ಕಳಿಗೆ ಕೊಡುವ ಮುಂಚೆ ಅದು ಒಗ್ಗುತ್ತದೆಯೇ ಎಂದು ಅವರ ತಾಯಂದಿರನ್ನು ಕೇಳಿ.

ಕಡೆಯದಾಗಿ ಒಂದು ಮಾತು. ಮನೆಮಂದಿಗೆಲ್ಲ ಹಂಚಿ, ಕೊನೆಗೆ ಖಾಲಿ ಡಬ್ಬಿ ತೊಳೆಯುವುದು ನಮಗೆಲ್ಲ ರೂಢಿ. ಈ ಸಲ ಹಂಚುವ ಮುಂಚೆಯೇ ಎರಡು ಉಂಡೆ ನಿಮಗೆಂದು ಎತ್ತಿಡಿ. ಅದೇನೂ ತಪ್ಪಲ್ಲ.